ಬಿಡುಗಡೆಯ ಆದೇಶ ಮಣಿಕರ್ಣಿಕೆಗೆ ಎಂದು ತಲುಪೀತು?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸಾಧರ್ಮಿ ಕುಟುಂಬಗಳಿಗೆ ಜೂನ್ 19ರ ‘ಜೂನ್‌ಟೀಂತ್’ ಹಬ್ಬ ಅಪರಿಚಿತವಲ್ಲ. ಅಂದು ಕಪ್ಪುಜನರ ಬಡಾವಣೆಗಳಲ್ಲಿ ಮೆರವಣಿಗೆ, ಹಾಡು, ಸಹಭೋಜನ. ಗುಲಾಮರ ವಿಮೋಚನೆಯ ಘೋಷಣೆ ಹೊರಟದ್ದು 1863ರ ಜನವರಿ 1ರಂದು. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಪಟ್ಟಣದಲ್ಲಿ ಸೇನಾಧಿಕಾರಿ ಅದನ್ನು ಸಾರಿದ್ದು 1865ರ ಜೂನ್ 19ರಂದು. ಬಿಡುಗಡೆ ತಮ್ಮ ಬಾಗಿಲಿಗೆ ಬಂದ ಆ ದಿನವನ್ನೇ ಅವರು ಹಬ್ಬವಾಗಿಸಿಕೊಂಡರು. 2021ರಲ್ಲಿ ಅದು ರಾಷ್ಟ್ರೀಯ ರಜಾದಿನವಾಯಿತು.

ಇದೇ ಅಳತೆಗೋಲನ್ನು ಕಾಶಿಗೆ ಹಿಡಿದು ನೋಡಬೇಕು. ಹರಿಶ್ಚಂದ್ರನು ಹೆಂಡತಿ ಮಕ್ಕಳನ್ನು ಮಾರಿ, ಕೊನೆಗೆ ತನ್ನನ್ನೂ ಮಾರಿಕೊಂಡದ್ದು ಈ ಊರಿನಲ್ಲಿಯೇ. ರಾಘವಾಂಕನ ಕಾವ್ಯದಲ್ಲಿ ಅವನನ್ನು ಕೊಂಡವನು ಮಸಣದೊಡೆಯ ವೀರಬಾಹು. ಅರಸನ ಸತ್ಯವನ್ನು ನಾವು ತಲೆಮಾರುಗಳಿಂದ ಕೊಂಡಾಡಿದ್ದೇವೆ. ಮಸಣ ಕಾಯುವ ಕುಲದ ಬಿಡುಗಡೆಯನ್ನು ಕೇಳಿದವರು ವಿರಳ. ಮಣಿಕರ್ಣಿಕಾ ಘಾಟ್‌ನಲ್ಲಿ ಇಂದಿಗೂ ಹಗಲಿರುಳು ಚಿತೆ ಉರಿಯುತ್ತದೆ. ಡೋಮರು ಕೊಡುವ ಬೆಂಕಿ ಸತ್ತವರ ಮೋಕ್ಷಕ್ಕೆ ಬೇಕು, ಅವರ ಸ್ಪರ್ಶ ಮಾತ್ರ ಬದುಕಿದ್ದವರಿಗೆ ಬೇಡವಾಯಿತು. ಅಸ್ಪೃಶ್ಯತೆಯನ್ನು ತೊಡೆದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಆ ಆದೇಶ ಘಾಟಿನ ಮೆಟ್ಟಿಲಿಳಿದು ಚಿತೆಯ ಬಳಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಅಹಿಂಸಾಧರ್ಮಿಗಳಾದ ನಮಗೆ ಇದರ ಗೊಡವೆಯೇಕೆ ಎನ್ನುವವರುಂಟು. ಅವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಜೀವಿಯನ್ನು ಕಟ್ಟಿಹಾಕುವುದು, ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು ಅಹಿಂಸಾಣುವ್ರತಕ್ಕೆ ಅತಿಚಾರವೆಂದು ಅಲ್ಲಿದೆ. ಅದೇ ಅಧ್ಯಾಯವು ಶ್ರಾವಕನ ಪರಿಗ್ರಹಗಳಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರಗಳೊಡನೆ ದಾಸಿ-ದಾಸರನ್ನೂ ಎಣಿಸುತ್ತದೆ. ಎಷ್ಟಿರಬೇಕೆಂಬುದಕ್ಕೆ ವ್ರತವು ಮಿತಿ ವಿಧಿಸಿತು. ಮನುಷ್ಯನು ಸ್ವತ್ತಾಗಬಹುದೇ ಎಂದು ಅಲ್ಲಿ ಕೇಳಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಹೊಣೆ ಇಂದಿನ ಶ್ರಾವಕರದು.

ಪಾರ್ಶ್ವನಾಥ ತೀರ್ಥಂಕರರ ಜನ್ಮಭೂಮಿಯೆಂದು ನಾವು ಭೇಲುಪುರಕ್ಕೆ ಹೋಗುತ್ತೇವೆ. ಅದೇ ಕಾಶಿಯ ದಕ್ಷಿಣಕ್ಕೆ ಸೀರ್ ಗೋವರ್ಧನಪುರವಿದೆ. ಚಮ್ಮಾರ ಕುಲದ ಸಂತ ರವಿದಾಸರ ಜಯಂತಿಗೆ ಪ್ರತಿ ಮಾಘ ಪೂರ್ಣಿಮೆಯಂದು ಅಲ್ಲಿ ಜನಸಾಗರವೇ ಸೇರುತ್ತದೆ. ದುಃಖವೂ ತೆರಿಗೆಯೂ ಇಲ್ಲದ ‘ಬೇಗಂಪುರ’ವೆಂಬ ಊರನ್ನು ಕಲ್ಪಿಸಿದವರು ಅವರು. ಕಾಶಿಗೂ ತನ್ನದೇ ಬಿಡುಗಡೆಯ ಹಬ್ಬವಿದೆ. ನಮ್ಮ ಯಾತ್ರೆಯ ಪಟ್ಟಿಯಲ್ಲಿ ಅದಿಲ್ಲ, ಅಷ್ಟೇ.

ಜೂನ್‌ಟೀಂತ್ ಮೆರವಣಿಗೆಗೆ ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಮುಂದಿನ ಕಾಶೀಯಾತ್ರೆಯಲ್ಲಿ ಅದೇ ಮಕ್ಕಳನ್ನು ಸೀರ್ ಗೋವರ್ಧನಪುರಕ್ಕೂ ಕರೆದೊಯ್ಯಿರಿ. ಮಣಿಕರ್ಣಿಕೆಯಲ್ಲಿ ಚಿತೆಗಳನ್ನು ತೋರಿಸುವಾಗ, ಅದರ ಬೆಂಕಿ ಕಾಯುವವರ ಕಥೆಯನ್ನೂ ಹೇಳಿರಿ.