ಕಟ್ಟಿದವರೇ ನೆರಳಾಗಬೇಕು

“ಹುಡುಗರಿಗೇ ಆಡಲು ಜಾಗವಿಲ್ಲದ ಊರಿನಲ್ಲಿ ನಾಯಿಗೊಂದು ಮೈದಾನವೇ?” ಎಂದು ನನ್ನ ವರ್ಗದ ಗೆಳೆಯನೊಬ್ಬನು ಈ ಲೇಖನದ ವಿಷಯವನ್ನು ಕೇಳಿದೊಡನೆ ನಕ್ಕುಬಿಟ್ಟನು. ವಾಚಕರಲ್ಲಿಯೂ ಹಲವರು ನಗಬಹುದು. ನಗುವುದರಲ್ಲಿ ತಪ್ಪಿಲ್ಲ, ಮೂರು ವರ್ಷಗಳ ಹಿಂದೆ ಯಾರಾದರೂ ಈ ಮಾತೆತ್ತಿದ್ದರೆ ನಾನೂ ನಗುತ್ತಿದ್ದೆ. ಆದರೆ ಈ ನಡುವೆ ನನ್ನ ಕೈಯಿಂದಲೇ ಒಂದು ಅಪರಾಧವು ನಡೆದುಹೋಯಿತು. ಅದನ್ನು ಮುಚ್ಚಿಟ್ಟು ಬರೀ ಉಪದೇಶ ಮಾಡುವುದು ಸರಿಯಲ್ಲವೆಂದು ತಿಳಿದು, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮದು ಕುರಿ ಕಾಯುವ ಮನೆತನ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪನಿಗೆ ರುಜು ಮಾಡಲು ಮಾತ್ರ ಬರುತ್ತದೆ. ಬಿ.ಎ. ಎಂಬ ಎರಡು ಅಕ್ಷರಗಳು ನಮ್ಮ ಮನೆಗೆ ಹೊಸವು. ನನ್ನ ಕಾಲೇಜಿನ ಸಲುವಾಗಿಯೇ ಅಪ್ಪ ಕುರಿಗಳನ್ನು ಮಾರಿ ಗೋಕಾಕಕ್ಕೆ ಬಂದು ಹಮಾಲಿ ಕೆಲಸ ಹಿಡಿದರು. ಎಲ್ಲವನ್ನೂ ಮಾರಿದರೂ ಕರಿಯಾ ಎಂಬ ನಾಯಿಯನ್ನು ಮಾರಲು ಅವರಿಗೆ ಮನಸ್ಸಾಗಲಿಲ್ಲ. ಅದರ ತಾಯಿ ಮುಧೋಳದ ಕಡೆಯ ಬೇಟೆನಾಯಿಯ ತಳಿ. ತಂದೆ ಯಾವುದೋ ಬೀದಿಯ ನಾಯಿ. ಹಟ್ಟಿಯಲ್ಲಿದ್ದಾಗ ಅದು ಕುರಿಗಳ ಸುತ್ತ ದಿನಕ್ಕೆ ಎಷ್ಟು ಹರದಾರಿ ಓಡುತ್ತಿತ್ತೋ ಯಾರೂ ಅಳೆದಿರಲಿಲ್ಲ.

ನಾವು ಬಾಡಿಗೆಗೆ ಹಿಡಿದದ್ದು ಎರಡು ಕೋಣೆಯ ಪತ್ರಾಸಿನ ಮನೆ. ನಾಯಿ ಬಿಟ್ಟಿರುತ್ತದೆಂದು ಓಣಿಯವರು ತಕರಾರು ತೆಗೆದರು. ಅವರದೂ ತಪ್ಪಲ್ಲ, ಓಣಿಯಲ್ಲಿ ಸಣ್ಣ ಮಕ್ಕಳಿದ್ದರು. ನಾನೇ ಪೇಟೆಯಿಂದ ಒಂದು ಸರಪಳಿಯನ್ನು ತಂದು ಅದನ್ನು ಹಿತ್ತಲಿನಲ್ಲಿ ಕಟ್ಟಿದೆ. ಮೊದಲ ವರ್ಷದ ಏಪ್ರಿಲ್ ತಿಂಗಳಲ್ಲಿ ನನಗೊಂದು ಪರೀಕ್ಷೆ ಇತ್ತು. ಅಪ್ಪ, ಅವ್ವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮುಂಜಾನೆ ನಾಯಿಯಿದ್ದ ಕಡೆ ನೆರಳಿತ್ತು, ಡಬರಿಯಲ್ಲಿ ನೀರೂ ಇತ್ತು. ಅಷ್ಟು ನೋಡಿಕೊಂಡು ಹೊರಟುಬಿಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ನೆರಳು ಗೋಡೆಯ ಆಚೆಗೆ ಸರಿಯುತ್ತದೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮೂರು ಗಂಟೆಗೆ ಬಂದು ನೋಡಿದರೆ ಡಬರಿ ಮಗುಚಿ ಬಿದ್ದಿತ್ತು. ಸರಪಳಿ ನೆರಳಿನ ದಿಕ್ಕಿಗೆ ಬಿಗಿಯಾಗಿ ಚಾಚಿಕೊಂಡಿತ್ತು. ನೆರಳು ಇನ್ನೂ ಎರಡು ಮೊಳ ದೂರವಿತ್ತು. ಕರಿಯಾ ನನ್ನನ್ನು ಕಂಡು ಬಾಲವನ್ನು ಒಂದು ಸಲ ಅಲ್ಲಾಡಿಸಿತು. ಸಂಜೆಯಾಗುವುದರೊಳಗೆ ಪ್ರಾಣ ಬಿಟ್ಟಿತು.

ಅಪ್ಪ ನನ್ನನ್ನು ಬೈಯಲಿಲ್ಲ. ನಾಯಿಯನ್ನು ಹೂಳಿ ಬಂದು ಕೈಕಾಲು ತೊಳೆದುಕೊಂಡ ಮೇಲೆ, “ತಮ್ಮಾ, ಬಿಟ್ಟ ನಾಯಿ ತನ್ನ ನೆರಳು ತಾನ ಹುಡಕೋತೈತಿ. ಕಟ್ಟಿದ ನಾಯಿಗೆ ಕಟ್ಟಿದಾವನ ನೆರಳ ಆಗಬೇಕು,” ಎಂದಷ್ಟೇ ಹೇಳಿದರು. ನಾನು ಇಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಹಕ್ಕು ಬಾಧ್ಯತೆಗಳ ವಿಚಾರ ಬೇಕಾದಷ್ಟು ಬಂದಿದೆ. ಓದು ಬಾರದ ಅಪ್ಪನ ಈ ಮಾತಿನಷ್ಟು ಸ್ಪಷ್ಟವಾಗಿ ಅದು ನನಗೆ ಎಲ್ಲಿಯೂ ತಿಳಿದಿರಲಿಲ್ಲ.

ನಾಯಿಯ ದೇಹದ ರಚನೆಯನ್ನು ನಾನು ತಿಳಿದುಕೊಂಡದ್ದು ಆಮೇಲೆ. ಮನುಷ್ಯನಿಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ, ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ಈ ಅನುಕೂಲವಿಲ್ಲ. ಅದಕ್ಕೆ ಅಂಗಾಲುಗಳಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ನಾಲಿಗೆಯನ್ನು ಹೊರಚಾಚಿ ತೇಕುವುದೊಂದೇ ಅದಕ್ಕಿರುವ ಮುಖ್ಯ ಉಪಾಯ. ಸುತ್ತಲಿನ ಗಾಳಿಯೇ ಕಾದು ಹೋಗಿದ್ದರೆ, ಕುಡಿಯಲು ನೀರಿಲ್ಲದಿದ್ದರೆ ಈ ಉಪಾಯವೂ ಸೋಲುತ್ತದೆ. ಅದರ ಮೈಯ ಸಹಜವಾದ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; 105 ದಾಟಿತೆಂದರೆ ಜೀವಕ್ಕೆ ಅಪಾಯ. ವಿಪರೀತ ತೇಕು, ಅಂಟಂಟಾದ ಜೊಲ್ಲು, ಕೆಂಪೇರಿದ ಒಸಡು, ತೂರಾಡುವ ನಡಿಗೆ, ವಾಂತಿ, ಇವು ಅದರ ಲಕ್ಷಣಗಳು. ಹೀಗೆ ಕಂಡೊಡನೆ ನಾಯಿಯನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರನ್ನು ಸುರಿಯುತ್ತ ಗಾಳಿ ಹಾಕಬೇಕು. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು. ತಡಮಾಡದೆ ಪಶುವೈದ್ಯರ ಕಡೆಗೆ ಒಯ್ಯಬೇಕು. ಒದ್ದೆ ಬಟ್ಟೆಯನ್ನು ಸುತ್ತಿ ಸುಮ್ಮನೆ ಮಲಗಿಸಿಬಿಡಬಾರದು. ಬಟ್ಟೆ ಕಾದು, ಬಿಸಿ ಒಳಗೇ ನಿಲ್ಲುತ್ತದೆ. ನಾನು ಅಂದು ಮಾಡಿದ್ದು ಇದನ್ನೇ.

ಮಧ್ಯಾಹ್ನದ ಡಾಂಬರು ರಸ್ತೆಯ ಮಾತೂ ಹೀಗೆಯೇ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಇಟ್ಟು ಏಳು ಎಣಿಸುವವರೆಗೆ ತಾಳಲಾಗದಿದ್ದರೆ, ಆ ರಸ್ತೆಯ ಮೇಲೆ ನಾಯಿಯನ್ನು ನಡೆಸಬಾರದು. ನಾವು ಚಪ್ಪಲಿ ಮೆಟ್ಟಿದವರು. ನಮಗೆ ಇದು ಹೊಳೆಯುವುದಿಲ್ಲ.

ಇನ್ನು ಗೆಳೆಯನ ಪ್ರಶ್ನೆಗೆ ಬರೋಣ. ನಾಯಿಗೊಂದು ಜಾಗವನ್ನು ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಿಲಾಶಾಸನವು ದೊರೆತಿದೆ. ಗಂಗರ ಬೂತುಗನು ಮಣಲೇರನೆಂಬ ತನ್ನ ವೀರನನ್ನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಗಳ ಹಿಂದೆ ಸತ್ತ ನಾಯಿಗೆ ಭೂಮಿ ಬಿಟ್ಟ ಕನ್ನಡಿಗರ ಮಕ್ಕಳು ಬದುಕಿರುವ ನಾಯಿಗೆ ಅರ್ಧ ಎಕರೆಯನ್ನು ಕೇಳಿದರೆ ನಗಬೇಕಾದುದು ಏಕೆ?

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಮುಧೋಳದ ನಾಯಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಅದೇ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. 2016ರಲ್ಲಿ ಮುಧೋಳದ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್‌ಗೆ ಹೋದವು. ಇವೆಲ್ಲ ನಮಗೆ ಅಭಿಮಾನದ ಸಂಗತಿಗಳೇ. ಆದರೆ ಓಡುವುದಕ್ಕೆಂದೇ ಹುಟ್ಟಿದ ಈ ತಳಿಯನ್ನು ಅಭಿಮಾನದಿಂದ ಕೊಂಡು ತಂದು ನಾಲ್ಕು ಮೊಳದ ಸರಪಳಿಯಲ್ಲಿ ಕಟ್ಟುವವರೂ ನಾವೇ. ಹಳ್ಳಿಯಲ್ಲಿ ಬಯಲಿತ್ತು, ಹಳ್ಳವಿತ್ತು, ಬೇವಿನ ಮರವಿತ್ತು. ಪಟ್ಟಣಕ್ಕೆ ಬರುವಾಗ ನಾಯಿಯನ್ನು ಮಾತ್ರ ತಂದೆವು, ಉಳಿದವನ್ನೆಲ್ಲ ಅಲ್ಲಿಯೇ ಬಿಟ್ಟು ಬಂದೆವು.

ಪಟ್ಟಣಗಳಲ್ಲಿ ಇದಕ್ಕೆ ಪರಿಹಾರವನ್ನು ಕಂಡುಕೊಂಡವರಿದ್ದಾರೆ. ಅಮೇರಿಕೆಯ ಬರ್ಕ್ಲಿ ನಗರದಲ್ಲಿ ನೆಲದಡಿಯ ರೈಲುಮಾರ್ಗಕ್ಕಾಗಿ ತೆರವು ಮಾಡಿದ ಜಾಗವೊಂದು ಉಳಿದಿತ್ತು. ಅದರಲ್ಲಿ ಒಂದು ಭಾಗಕ್ಕೆ ಬೇಲಿ ಹಾಕಿ, 1979ರಲ್ಲಿ ನಾಯಿಗಳನ್ನು ಸರಪಳಿ ಬಿಚ್ಚಿ ಆಡಿಸುವ ಅಂಗಳವನ್ನು ಪ್ರಾರಂಭಿಸಿದರು. ನಾಯಿ ಸಾಕಿದವರೇ ಸಂಘವನ್ನು ಕಟ್ಟಿಕೊಂಡು ಅದನ್ನು ನೋಡಿಕೊಂಡರು. ನಮ್ಮ ದೇಶದಲ್ಲಿ ಹೈದರಾಬಾದಿನ ನಗರಪಾಲಿಕೆ ಕೊಂಡಾಪುರದಲ್ಲಿ ಕಸ ಸುರಿಯುತ್ತಿದ್ದ 1.3 ಎಕರೆ ಜಾಗವನ್ನು 2018ರಲ್ಲಿ ನಾಯಿಗಳ ಉದ್ಯಾನವನ್ನಾಗಿ ಮಾಡಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿ ಸಾಕಿದವರು ರವಿವಾರಗಳಂದು ಸೇರುವ ರೂಢಿ ಬೆಳೆಯಿತು. ಆದರೆ ಕೆಲವರು ನಾಯಿಗಳು ಮಾಡಿದ ಹೊಲಸನ್ನು ತೆಗೆಯದೆ ಹೋಗುತ್ತಾರೆ, ಎಲ್ಲೆಂದರಲ್ಲಿ ಬಿಡುತ್ತಾರೆ ಎಂಬ ದೂರುಗಳು ಬಂದು, 2022ರಲ್ಲಿ ತೋಟಗಾರಿಕೆ ಇಲಾಖೆಯು ನಾಯಿಗಳ ಪ್ರವೇಶವನ್ನೇ ನಿಲ್ಲಿಸುವ ವಿಚಾರವನ್ನು ಎತ್ತಿತು. ಜಾಗ ದೊರೆಯುವುದು ಸುಲಭ, ಅದನ್ನು ಚೊಕ್ಕಟವಾಗಿ ಉಳಿಸಿಕೊಳ್ಳುವುದೇ ಕಠಿಣವೆಂಬ ಪಾಠವು ಇದರಲ್ಲಿದೆ.

ಗೋಕಾಕದಲ್ಲಿ ನಾನು ಬಯಸುವುದು ದೊಡ್ಡ ಉದ್ಯಾನವನ್ನಲ್ಲ. ಪುರಸಭೆ ನಗರಸಭೆಗಳ ಕೈಯಲ್ಲಿ ಎಲ್ಲ ಊರುಗಳಲ್ಲಿಯೂ ಇರುವಂತಹ ಒಂದು ಪಡ ಜಾಗ, ಅದಕ್ಕೆ ಆಳೆತ್ತರದ ತಂತಿಯ ಬೇಲಿ, ನಾಯಿ ನುಸುಳಿ ಓಡದಂತೆ ಒಂದರ ಹಿಂದೊಂದು ಎರಡು ಬಾಗಿಲು, ನಾಲ್ಕು ಬೇವಿನ ಸಸಿ, ಅವು ಬೆಳೆಯುವವರೆಗೆ ಒಂದು ಚಪ್ಪರ, ನೀರಿಗೆ ಒಂದು ಕಲ್ಲಿನ ಡೋಣಿ. ಇಷ್ಟಾದರೆ ಸಾಕು. ಬೇಸಿಗೆಯಲ್ಲಿ ಮುಂಜಾನೆ ಆರರಿಂದ ಎಂಟರವರೆಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಒಂದು ತಾಸು ಮಾತ್ರ ಬಾಗಿಲು ತೆರೆಯಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಇಲ್ಲದ ನಾಯಿಗೆ ಪ್ರವೇಶವಿರಬಾರದು. ಬೆದೆಗೆ ಬಂದ ಹೆಣ್ಣುನಾಯಿಯನ್ನೂ, ಕಚ್ಚುವ ಸ್ವಭಾವದ ನಾಯಿಯನ್ನೂ ತರಬಾರದು. ತಂದವರು ನಾಯಿಯನ್ನು ಬಿಟ್ಟು ಹೊರಗೆ ಹೋಗಬಾರದು. ಅದರ ಹೊಲಸನ್ನು ತಾವೇ ತೆಗೆಯಬೇಕು. ಡೋಣಿಯ ನೀರನ್ನು ದಿನಾಲು ಚೆಲ್ಲಿ, ಉಜ್ಜಿ, ಹೊಸದಾಗಿ ತುಂಬಬೇಕು. ಇದಕ್ಕೆ ಸಂಬಳದ ಆಳು ಬೇಕಾಗಿಲ್ಲ. ಹದಿನಾಲ್ಕು ಜನ ಸ್ವಯಂಸೇವಕರು ಸಿಕ್ಕರೆ ದಿನಕ್ಕೆ ಇಬ್ಬರಂತೆ ವಾರದ ಪಾಳಿ ನಡೆಯುತ್ತದೆ. ಪ್ರತಿಯೊಬ್ಬರ ಪಾಲಿಗೆ ವಾರಕ್ಕೊಂದು ದಿನ!

ಕಾಲೇಜಿನ ಆವರಣದಲ್ಲಿಯೇ ಇದನ್ನು ಮಾಡಬಾರದೇಕೆಂದು ಒಬ್ಬ ಮಿತ್ರರು ಕೇಳಿದರು. ಅದು ಬೇಡವೆಂದು ನನ್ನ ಅಭಿಪ್ರಾಯ. ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಸ್ಥಳಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಸ್ಥಾನಗಳಿಗೆ ಒಯ್ಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿತು. ಆ ಆದೇಶದ ಹಿಂದೆ ಕಚ್ಚಿಸಿಕೊಂಡ ಮಕ್ಕಳ ನೋವು ಇದೆ; ಅದನ್ನು ನಾವು ಹಗುರಾಗಿ ಕಾಣಬಾರದು. ನಮ್ಮ ವರ್ಗದಲ್ಲಿಯೇ ನಾಯಿಯನ್ನು ಕಂಡರೆ ದಾರಿ ಬದಲಿಸುವ ಸಹೋದರಿಯರಿದ್ದಾರೆ. ನಾನು ಹೇಳುವ ಅಂಗಳವು ಅವರಿಗೂ ಉಪಕಾರಿಯೇ. ಬೇಲಿಯೊಳಗೆ ಮನದಣಿಯೆ ಓಡಿದ ನಾಯಿ ಓಣಿಯಲ್ಲಿ ಸಿಡುಕುವುದು ಕಡಿಮೆ. ಓಡಿಸಲು ಒಂದು ಸ್ಥಳವಿದ್ದರೆ ಅದನ್ನು ಬೀದಿಗೆ ಬಿಡುವ ನೆಪವೂ ಯಾರಿಗೂ ಉಳಿಯುವುದಿಲ್ಲ. ಲಸಿಕೆಯ ಚೀಟಿ ಕಡ್ಡಾಯವಾದರೆ ಲಸಿಕೆ ಹಾಕಿಸುವವರೂ ಹೆಚ್ಚುತ್ತಾರೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಪಶುವೈದ್ಯರನ್ನು ಕರೆಸಿ ಆ ಅಂಗಳದಲ್ಲಿಯೇ ಲಸಿಕೆಯ ಶಿಬಿರವನ್ನು ನಡೆಸಬಹುದು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಅಲ್ಲಿ ಫಲಕದ ಮೇಲೆ ಬರೆದಿಡಬೇಕು.

“ಬೇಸಿಗೆಯಲ್ಲಿ ಮನುಷ್ಯರಿಗೇ ನೀರಿಲ್ಲ” ಎಂಬ ಆಕ್ಷೇಪವು ಇನ್ನೂ ಉಳಿದಿದೆ. ಇದು ಘಟಪ್ರಭೆಯ ದಂಡೆಯ ಊರು. 2019ರ ಆಗಸ್ಟ್ ತಿಂಗಳಲ್ಲಿ ಇದೇ ಹೊಳೆ ಉಕ್ಕಿ ಊರೊಳಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಅದೇ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. 170 ಅಡಿಯಿಂದ ಧುಮುಕುವ ನಮ್ಮ ಜಲಪಾತವು ಬರೀ ಬಂಡೆಯಾಗಿ ನಿಲ್ಲುತ್ತದೆ. ನೀರಿನ ಕಷ್ಟ ನಮ್ಮ ಅವ್ವನಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಹಾಗಿದ್ದೂ, ದಾರಿಹೋಕರಿಗೆ ಅರವಟ್ಟಿಗೆ ಇಡುವುದನ್ನು ನಮ್ಮ ಜನ ಯಾವ ಬೇಸಿಗೆಯಲ್ಲಿಯೂ ಬಿಟ್ಟವರಲ್ಲ. ಅರವಟ್ಟಿಗೆಯ ಪಕ್ಕದಲ್ಲಿ ಅಗಲ ಬಾಯಿಯ ಒಂದು ಮಣ್ಣಿನ ಪಾತ್ರೆಯನ್ನಿಟ್ಟರೆ ಬೀದಿಯ ನಾಯಿಗೂ ಹಕ್ಕಿಗೂ ಸಾಕಾಗುತ್ತದೆ. ಅಕ್ಕಿ ತೊಳೆದ ನೀರನ್ನು ಚರಂಡಿಗೆ ಚೆಲ್ಲುವ ಬದಲು ಅದಕ್ಕೆ ಸುರಿದರೆ ಯಾರ ಕೊಡವೂ ಬರಿದಾಗುವುದಿಲ್ಲ.

1923ರಲ್ಲಿ ಹಿಂದುಸ್ತಾನೀ ಸೇವಾದಳಕ್ಕೆ ನಾಂದಿ ಹಾಡಿದ ಡಾ. ನಾ. ಸು. ಹರ್ಡೀಕರರು ನಮ್ಮ ಈ ಉತ್ತರ ಕರ್ನಾಟಕದವರು. ಸ್ವಯಂಸೇವೆ ಎಂಬ ಮಾತು ನಮಗೆ ಹೊರಗಿನಿಂದ ಬಂದುದಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ನಮ್ಮಂತಹ ಕಾಲೇಜುಗಳಲ್ಲಿದೆ. ವರ್ಷಕ್ಕೊಮ್ಮೆ ಶಿಬಿರ ಹಾಕಿ ರಸ್ತೆ ಗುಡಿಸಿ ಬರುವುದಕ್ಕಿಂತ, ವರ್ಷವಿಡೀ ಒಂದು ಡೋಣಿಗೆ ನೀರು ತುಂಬುವುದು ಕಠಿಣವಾದ ಸೇವೆ. ಅಲ್ಲಿ ಚಪ್ಪಾಳೆಯಿಲ್ಲ, ಪ್ರಮಾಣಪತ್ರವಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಬಾಯಿಲ್ಲದ ಜೀವಕ್ಕೆ ಅದು ಗೊತ್ತಾಗುತ್ತದೆ.

ಗುರುವೃಂದದಲ್ಲಿ ನನ್ನದೊಂದು ಬಿನ್ನಹ: ತಾವು ಮುಂದಾಗಿ ಒಂದು ಮನವಿಯನ್ನು ನಗರಸಭೆಗೆ ಸಲ್ಲಿಸುವುದಾದರೆ ಅದನ್ನು ಹೊತ್ತು ತಿರುಗುವ ಕೆಲಸ ನಮ್ಮದು. ವಿದ್ಯಾರ್ಥಿ ಮಿತ್ರರೇ, ಜಾಗ ದೊರೆಯಲು ತಡವಾಗಬಹುದು, ಬೇಸಿಗೆ ತಡಮಾಡುವುದಿಲ್ಲ. ಅಷ್ಟರವರೆಗೆ ನಿಮ್ಮ ಮನೆಯಲ್ಲಿ ಕಟ್ಟಿದ ನಾಯಿಯಿದ್ದರೆ, ಒಂದು ರಜೆಯ ದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಅದು ಇರುವ ಸ್ಥಳದಲ್ಲಿ ಹತ್ತು ನಿಮಿಷ ಕುಳಿತು ನೋಡಿರಿ. ನೆರಳು ಎತ್ತ ಸರಿಯುತ್ತದೆಂಬುದನ್ನು ಗಮನಿಸಿರಿ. ನಾನು ನೋಡಬೇಕಾಗಿದ್ದುದು ಅಷ್ಟೇ, ನೋಡಲಿಲ್ಲ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ಈ ಕಾಲೇಜಿನ ವಿದ್ಯಾರ್ಥಿಯಾಗಿ ಉಳಿದಿರಲಿಕ್ಕಿಲ್ಲ. ಆದರೂ ಪಾಳಿಯ ಚೀಟಿಯನ್ನು ಬರೆಯುವ ದಿನ ಬಂದರೆ ರವಿವಾರ ಮುಂಜಾನೆಯ ಪಾಳಿಗೆ ನನ್ನ ಹೆಸರನ್ನು ಹಾಕಿಕೊಳ್ಳಿರೆಂದು ಕೇಳಿಕೊಂಡು ವಿರಮಿಸುತ್ತೇನೆ.