ತಲಪಾಡಿಯ ಆಚೆ–ಈಚೆ



ನನ್ನ ತವರು ಕೇರಳದ ಮಂಜೇಶ್ವರ, ಗಂಡನ ಮನೆ ಕರ್ನಾಟಕದ ಬಂಟ್ವಾಳ. ಕೇರಳ ಮೇಲೋ ಕರ್ನಾಟಕ ಮೇಲೋ ಎಂಬ ಚರ್ಚೆ ಬಂದಾಗೆಲ್ಲ ನನಗೆ ನೆನಪಾಗುವುದು ಎರಡು ಹಾಸಿಗೆಗಳು.

ಅಪ್ಪ ಹಾಸಿಗೆ ಹಿಡಿದಾಗ ಪಂಚಾಯತಿಯ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ನರ್ಸ್ ಮನೆಗೇ ಬರುತ್ತಿದ್ದರು. ಬೆನ್ನಿನ ಹುಣ್ಣು ತೊಳೆದು, ಬಟ್ಟೆ ಕಟ್ಟಿ, ಅಪ್ಪನನ್ನು ಮಗ್ಗುಲು ಹೊರಳಿಸುವುದು ಹೇಗೆಂದು ಅಮ್ಮನ ಕೈ ಹಿಡಿದು ಕಲಿಸಿದರು. ಕೇರಳ 2008ರಲ್ಲೇ ಇಂಥ ಆರೈಕೆಗೊಂದು ನೀತಿ ಮಾಡಿದ ಫಲವಿದು. ಈಚೆ ಅತ್ತೆಗೆ ಅದೇ ಹುಣ್ಣಾದಾಗ, ಪ್ರತಿ ಸಲ ಡ್ರೆಸ್ಸಿಂಗಿಗೆ ಕಾರು ಗೊತ್ತುಮಾಡಿ ಪೇಟೆಗೆ ಒಯ್ಯಬೇಕಾಯಿತು. ದಾರಿಯುದ್ದಕ್ಕೂ ಅವರು ನರಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಹಾಸಿಗೆ ಹಿಡಿದವರ ವಿಷಯದಲ್ಲಷ್ಟೇ ಅಲ್ಲ, ಶಿಶುಗಳ ವಿಷಯದಲ್ಲೂ ಹೀಗೆಯೇ. 2020ರ ಲೆಕ್ಕದಂತೆ, ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಕೇರಳದಲ್ಲಿ 6, ನಮ್ಮಲ್ಲಿ 19. ಈ ಅಂತರ ಹಣದ್ದಲ್ಲ, ವ್ಯವಸ್ಥೆಯದ್ದು.

ಹಾಗೆಂದು ಕೇರಳವೇ ಸ್ವರ್ಗವೂ ಅಲ್ಲ. ದೊಡ್ಡ ಕಾಯಿಲೆಗೆ, ಕಾಲೇಜಿಗೆ, ಕೆಲಸಕ್ಕೆ ಕಾಸರಗೋಡಿನವರು ಓಡಿ ಬರುವುದು ಮಂಗಳೂರಿಗೇ. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ, ತಲಪಾಡಿಯ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಅಲ್ಲಿನ ಹಲವರು ಪ್ರಾಣ ಬಿಟ್ಟರು. ಆಸ್ಪತ್ರೆಗಾಗಿ ಅವರು ನಮ್ಮನ್ನು ನೆಚ್ಚಿಕೊಂಡಿದ್ದಾರೆ. ಮನೆಬಾಗಿಲಿನ ಆರೈಕೆಯನ್ನು ನಾವು ಅವರಿಂದ ಕಲಿಯಬೇಕು.

ನಮ್ಮ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯತಿಗೂ ಮನೆಮನೆಗೆ ಹೋಗುವ ಒಬ್ಬ ನರ್ಸ್‌ ಬೇಕು. ಸರ್ಕಾರ ಇದನ್ನು ಮುಂದಿನ ಬಜೆಟ್‌ನಲ್ಲೇ ಸೇರಿಸಲಿ.

– ಓದುಗರೊಬ್ಬರು, ಬಂಟ್ವಾಳ