ನಿಂತ ಕಾರಿನ ಎಣ್ಣೆಗೂ ವಯಸ್ಸಾಗುತ್ತದೆ

ವರ್ಷಕ್ಕೆ 2,000 ಕಿ.ಮೀ. ಕೂಡ ಓಡದ ಸ್ಪೋರ್ಟ್ಸ್ ಕಾರಿಗೆ ಗೇರ್ ಆಯಿಲ್ ಬದಲಿಸುವುದು ದುಡ್ಡು ದಂಡ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಈ ಸಲಹೆ ಗೇರ್‌ಬಾಕ್ಸ್ ಕೆಡಿಸುತ್ತದೆ. ಅಲ್ಲಿ ಇಂಧನ ಉರಿಯುವುದಿಲ್ಲ, ಮಸಿ ಸೇರುವುದಿಲ್ಲ, ಒಪ್ಪಿದೆ. ಆದರೆ ಅದು ಸೀಲು ಮಾಡಿದ ಡಬ್ಬಿಯಲ್ಲ. ಬಿಸಿಯಾದಾಗ ಬ್ರೀದರ್ ಮೂಲಕ ಗಾಳಿ ಹೊರಹೋಗುತ್ತದೆ, ತಣಿದಾಗ ತೇವದ ಸಮೇತ ಒಳಬರುತ್ತದೆ. ದೂರ ಓಡುವ ಕಾರಿನಲ್ಲಿ ಕಾವಿಗೆ ಆ ತೇವ ಆರೀತು. ಭಾನುವಾರ ಐದು ಕಿ.ಮೀ. ಸುತ್ತಿ ಶೆಡ್ಡಿಗೆ ಮರಳುವ ಮಜ್ದಾ ಎಂಎಕ್ಸ್-5ರಲ್ಲಿ ಅದು ಉಳಿದುಬಿಡುತ್ತದೆ.

ಆ ಕಾರಿನ ಹಳೆಯ ಐದು ಗೇರಿನ ಪೆಟ್ಟಿಗೆಗೆ ಬೇಕಾದದ್ದು ಸುಮಾರು 2 ಲೀಟರ್ ಎಣ್ಣೆ. ಇಷ್ಟಕ್ಕೆ ಜಿಪುಣತನವೇಕೆ? ಪ್ರತಿವರ್ಷ ಬದಲಿಸಿ ಎನ್ನುತ್ತಿಲ್ಲ. ಕಿಲೋಮೀಟರ್ ಎಷ್ಟೇ ಇರಲಿ, ಮೂರು-ನಾಲ್ಕು ವರ್ಷಕ್ಕೊಮ್ಮೆ ಸಾಕೆಂಬುದು ನನ್ನ ಲೆಕ್ಕ. ಹೊಸ ಪೆಟ್ಟಿಗೆಯ ಮೊದಲ ಎಣ್ಣೆಯನ್ನು ಇನ್ನೂ ಬೇಗ ತೆಗೆಯಬೇಕು, ಹಲ್ಲುಗಳು ಹೊಂದಿಕೊಳ್ಳುವಾಗಲೇ ಲೋಹದ ಪುಡಿ ಹೆಚ್ಚು ಉದುರುವುದು.

“ಯಾವ ಎಣ್ಣೆಯಾದರೂ ನಡೆದೀತು” ಎಂದದ್ದಂತೂ ದೊಡ್ಡ ತಪ್ಪು. ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನುತ್ತದೆ. ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಮತ್ತೆ, ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿಗೆ ಕೈಹಾಕುವ ಮುನ್ನ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತದೆಯೇ ನೋಡಿಕೊಳ್ಳಿ; ಇಲ್ಲದಿದ್ದರೆ ಹಳೆಯದು ಖಾಲಿಯಾದ ಮೇಲೆ ಹೊಸದನ್ನು ತುಂಬಲಾಗದು.